ಸುರುಳಿಯಿಂದ ಪಟ್ಟಿಗೆ: ‘ರೋಲ್’ ಶಬ್ದದ ಅರ್ಥವ್ಯಾಪ್ತಿಯನ್ನು ಕುರಿತು

ಕರ್ನಾಟಕದ ಹೊರಗಿದ್ದು ಕನ್ನಡ ಪತ್ರಿಕೆಗಳನ್ನು ಆಕರವಾಗಿ ಬಳಸುವ ಸಂಶೋಧಕರಿಗೆ ‘ರೋಲ್‌ಕಾಲ್’ ಎಂಬ ಮಾತು ಒಂದಲ್ಲ ಒಂದು ದಿನ ಎದುರಾಗುತ್ತದೆ. ‘ರೋಲ್‌ಕಾಲ್ ಪತ್ರಕರ್ತ’, ‘ರೋಲ್‌ಕಾಲ್ ಹೋರಾಟಗಾರ’ ಎಂಬಂತಹ ಪ್ರಯೋಗಗಳನ್ನು ಕಂಡವರು ಇಂಗ್ಲಿಷ್ ನಿಘಂಟನ್ನು ತೆರೆದರೆ, ಹೆಸರು ಕೂಗಿ ಹಾಜರಿ ತೆಗೆದುಕೊಳ್ಳುವುದು ಎಂಬ ಅರ್ಥ ದೊರೆಯುತ್ತದೆ. ಅದನ್ನು ಹಿಡಿದು ಹೊರಟರೆ ವಾಕ್ಯ ಕೂಡಿಬರುವುದಿಲ್ಲ. ಕನ್ನಡದಲ್ಲಿ, ವಿಶೇಷವಾಗಿ ಬೆಂಗಳೂರು ಕಡೆಯ ಆಡುಮಾತಿನಲ್ಲಿ, ‘ರೋಲ್‌ಕಾಲ್ ಮಾಡು’ ಎಂದರೆ ಬೆದರಿಸಿ ಹಣ ವಸೂಲು ಮಾಡು ಎಂದರ್ಥ. ಈ ಅರ್ಥ ಇಂಗ್ಲಿಷಿನದಲ್ಲ, ಕನ್ನಡದ್ದು. ಪರಭಾಷೆಯ ಶಬ್ದವೊಂದು ನಮ್ಮಲ್ಲಿಗೆ ಬಂದು ತನ್ನದೇ ಸಂಸಾರವನ್ನು ಹೂಡಿದೆ.

ಇದನ್ನು ನೆಪವಾಗಿಟ್ಟುಕೊಂಡು ‘ರೋಲ್’ ಎಂಬ ಶಬ್ದವನ್ನೇ ತುಸು ವಿಸ್ತಾರವಾಗಿ ಪರಿಶೀಲಿಸುವುದು ನಮ್ಮ ಉದ್ದೇಶ. ಉರುಳುವುದು, ಹೊರಳುವುದು, ಸುತ್ತುವುದು, ಸುರುಳಿ, ಹೆಸರುಗಳ ಪಟ್ಟಿ, ರೊಟ್ಟಿಯಂಥ ತಿನಿಸು, ಗುಡುಗಿನ ಮೊರೆತ, ಹಡಗಿನ ಓಲಾಟ ಇವೆಲ್ಲವನ್ನೂ ಇಂಗ್ಲಿಷಿನವರು ಇದೊಂದೇ ಶಬ್ದದಿಂದ ಹೇಳುತ್ತಾರೆ. 1824ರಲ್ಲಿ ಪ್ರಕಟವಾದ ವಿಲಿಯಂ ರೀವ್ ಅವರ ನಿಘಂಟಿನಿಂದ ಮೊದಲುಗೊಂಡು ಇಂಗ್ಲಿಷ್–ಕನ್ನಡ ನಿಘಂಟುಕಾರರೆಲ್ಲರಿಗೂ ಇಂತಹ ಶಬ್ದಗಳು ಒಡ್ಡುವ ಪ್ರಶ್ನೆ ಒಂದೇ: ಇದು ಹಲವು ಅರ್ಥಗಳುಳ್ಳ ಒಂದು ಶಬ್ದವೋ, ಅಥವಾ ಆಕಸ್ಮಿಕವಾಗಿ ಒಂದೇ ರೂಪವನ್ನು ತಳೆದಿರುವ ಹಲವು ಶಬ್ದಗಳೋ? ‘ರೋಲ್’ ವಿಷಯದಲ್ಲಿ ಉತ್ತರ ಸ್ಪಷ್ಟವಾಗಿದೆ. ಇದು ಒಂದೇ ಶಬ್ದ. ಆದರೆ ಅದರ ಅರ್ಥಗಳನ್ನು ಒಂದಾಗಿ ಹಿಡಿದಿರುವ ಸೂತ್ರ ವ್ಯಾಕರಣದಲ್ಲಿಲ್ಲ, ಕುರಿಯ ಚರ್ಮದಲ್ಲಿದೆ.

ಲ್ಯಾಟಿನ್ ಭಾಷೆಯಲ್ಲಿ ‘ರೋಟ’ ಎಂದರೆ ಚಕ್ರ. ಸಂಸ್ಕೃತದ ‘ರಥ’ ಶಬ್ದಕ್ಕೂ ಇದಕ್ಕೂ ಮೂಲ ಒಂದೇ ಎಂಬುದು ಇಂಡೋ-ಯುರೋಪಿಯನ್ ಭಾಷಾಶಾಸ್ತ್ರದಲ್ಲಿ ಸ್ಥಿರಪಟ್ಟ ಸಂಗತಿ. (ಇಂಗ್ಲಿಷಿನ ‘ವೀಲ್’ ಮತ್ತು ಸಂಸ್ಕೃತದ ‘ಚಕ್ರ’ ಕೂಡ ಹೀಗೆಯೇ ದಾಯಾದಿಗಳು.) ಅಲ್ಲಿ ಚಕ್ರವೆಂಬ ಭಾಗದ ಹೆಸರಾಗಿ ಉಳಿದದ್ದು ಇಲ್ಲಿ ಇಡೀ ವಾಹನದ ಹೆಸರಾಯಿತು. ‘ರೋಟ’ದಿಂದ ‘ರೋಟುಲಸ್’, ಅಂದರೆ ಪುಟ್ಟ ಚಕ್ರ, ಹುಟ್ಟಿತು. ಹದಮಾಡಿದ ಚರ್ಮದ ಮೇಲೆ ಬರೆದು ಸುತ್ತಿಟ್ಟರೆ ಅದರ ತುದಿ ಪುಟ್ಟ ಚಕ್ರದಂತೆಯೇ ಕಾಣುತ್ತದೆ. ಹೀಗೆ ಮಧ್ಯಯುಗದ ಲ್ಯಾಟಿನ್ನಿನಲ್ಲಿ ಆ ಶಬ್ದ ಬರಹದ ಸುರುಳಿಗೆ ಹೆಸರಾಗಿ, ಹಳೆಯ ಫ್ರೆಂಚಿನ ಮೂಲಕ 13ನೆಯ ಶತಮಾನದ ಹೊತ್ತಿಗೆ ಇಂಗ್ಲಿಷನ್ನು ಹೊಕ್ಕಿತು. ಉರುಳು ಎಂಬ ಕ್ರಿಯಾಪದವೂ ಅದೇ ಮೂಲದಿಂದ, ಅದೇ ದಾರಿಯಲ್ಲಿ ಬಂದದ್ದು. ಆದ್ದರಿಂದ ಇಂಗ್ಲಿಷಿನವರ ಮಟ್ಟಿಗೆ ಉರುಳುವ ಕಲ್ಲಿಗೂ ಹೆಸರುಗಳ ಪಟ್ಟಿಗೂ ನಂಟಿದೆ; ನಡುವೆ ಸೇತುವೆಯಾಗಿ ನಿಂತಿರುವುದು ಚರ್ಮದ ಸುರುಳಿ.

ಇಂಗ್ಲೆಂಡಿನ ರಾಜ್ಯಾಡಳಿತ ಈ ಸುರುಳಿಗಳ ಮೇಲೆಯೇ ನಡೆಯಿತು ಎಂದರೆ ಅತಿಶಯೋಕ್ತಿಯಾಗಲಾರದು. ಅಲ್ಲಿನ ಬೊಕ್ಕಸದ ಲೆಕ್ಕಗಳನ್ನು ಬರೆದಿರುವ ‘ಪೈಪ್ ರೋಲ್’ಗಳಲ್ಲಿ ಉಳಿದುಬಂದಿರುವ ಅತ್ಯಂತ ಹಳೆಯದು 1129–30ನೆಯ ವರ್ಷದ್ದು, 1150ರ ದಶಕದಿಂದ 1830ರ ದಶಕದವರೆಗೆ ಅವು ಹೆಚ್ಚುಕಡಮೆ ಎಡೆಬಿಡದೆ ದೊರೆಯುತ್ತವೆ. ಚಾನ್ಸರಿ ಎಂಬ ರಾಜಕಚೇರಿಯ ದಾಖಲೆಗಳನ್ನು ತುಂಡಿಗೆ ತುಂಡು ಹೊಲಿದು ಉದ್ದವಾಗಿಸಿ ಸುತ್ತಿಡುತ್ತಿದ್ದರು. ಅವುಗಳನ್ನು ಕಾಯುತ್ತಿದ್ದ ಅಧಿಕಾರಿಯೇ ‘ಮಾಸ್ಟರ್ ಆಫ್ ದಿ ರೋಲ್ಸ್’. ಕ್ರಮೇಣ ಅದು ನ್ಯಾಯಾಧೀಶನ ಸ್ಥಾನವಾಗಿ ಬೆಳೆದು, ಇಂದಿಗೂ ಅಲ್ಲಿನ ಮೇಲ್ಮನವಿ ನ್ಯಾಯಾಲಯದ ಸಿವಿಲ್ ವಿಭಾಗದ ಮುಖ್ಯಸ್ಥರು ಇದೇ ಹೆಸರಿನಿಂದ ಕರೆಯಲ್ಪಡುತ್ತಾರೆ. ಅವರ ಮುಂದೆ ಸುರುಳಿ ಇಲ್ಲ. ಹೆಸರು ಮಾತ್ರ ಉಳಿದಿದೆ. ನಮ್ಮ ವಕೀಲರು 1961ರ ಅಡ್ವೊಕೇಟ್ಸ್ ಕಾಯ್ದೆಯಂತೆ ರಾಜ್ಯ ವಕೀಲರ ಪರಿಷತ್ತಿನ ‘ರೋಲ್’ನಲ್ಲಿ ಹೆಸರು ಬರೆಸಿಕೊಳ್ಳುವುದು, ಮತದಾರರ ಪಟ್ಟಿ ‘ಎಲೆಕ್ಟೊರಲ್ ರೋಲ್’ ಆಗಿರುವುದು, ಶಾಲೆಯ ಮಕ್ಕಳಿಗೆ ‘ರೋಲ್ ನಂಬರ್’ ಇರುವುದು ಎಲ್ಲವೂ ಆ ಚರ್ಮದ ಸುರುಳಿಯ ಸಂತತಿಯೇ.

ಇದೇ ಸುರುಳಿಯಿಂದ ಹುಟ್ಟಿ, ಹುಟ್ಟಿನ ಗುರುತು ಮರೆತುಹೋಗಿರುವ ಎರಡು ಶಬ್ದಗಳನ್ನು ಇಲ್ಲಿ ಹೇಳಲೇಬೇಕು. ಲೆಕ್ಕದಲ್ಲಿ ಮೋಸವಾಗದಿರಲೆಂದು ಒಂದು ಸುರುಳಿಗೆ ಪ್ರತಿಯಾಗಿ ಇನ್ನೊಂದನ್ನು ಬರೆದಿಟ್ಟು ಎರಡನ್ನೂ ತಾಳೆ ನೋಡುವ ಪದ್ಧತಿಯಿತ್ತು. ಆ ಎದುರು ಸುರುಳಿಯೇ ‘ಕಾಂಟ್ರರೋಟುಲಸ್’. ಅದರಿಂದ ಬಂದದ್ದು ‘ಕಂಟ್ರೋಲ್’. ಅಂದರೆ ನಿಯಂತ್ರಣವೆಂಬುದು ಮೊದಲಿಗೆ ಹಿಡಿತವಲ್ಲ, ತಾಳೆ. ಭಾರತದ ಕಂಪ್ಟ್ರೋಲರ್ ಮತ್ತು ಆಡಿಟರ್ ಜನರಲ್ ಎಂಬ ಪದವಿನಾಮದ ಮೊದಲ ಶಬ್ದದಲ್ಲಿ ಈ ಹಳೆಯ ಅರ್ಥ ಇನ್ನೂ ಜೀವಂತವಾಗಿದೆ. ಅದರ ವಿಚಿತ್ರ ಕಾಗುಣಿತವಾದರೋ ಲೆಕ್ಕ ಎಂಬರ್ಥದ ಫ್ರೆಂಚ್ ಶಬ್ದದೊಡನೆ ಹಿಂದಿನವರು ಮಾಡಿಕೊಂಡ ಗೊಂದಲದ ಫಲ. ಇತ್ತ ನಮ್ಮ ಹಳ್ಳಿಗಳಲ್ಲಿ ‘ಕಂಟ್ರೋಲ್ ಅಂಗಡಿ’, ‘ಕಂಟ್ರೋಲ್ ಅಕ್ಕಿ’ ಎಂಬ ಮಾತುಗಳು ನೆಲೆಯೂರಿವೆ. ಎದುರು ಸುರುಳಿಯಿಂದ ಪಡಿತರದ ಅಕ್ಕಿಯವರೆಗೆ ಒಂದು ಶಬ್ದ ನಡೆದ ದೂರ ಸಾಮಾನ್ಯವಾದುದಲ್ಲ.

ಎರಡನೆಯದು ನಾಟಕದ ‘ರೋಲ್’. ನಟನಿಗೆ ಇಡೀ ನಾಟಕದ ಪ್ರತಿಯನ್ನು ಕೊಡದೆ ಅವನ ಮಾತುಗಳನ್ನೂ, ಅವಕ್ಕೆ ಮುಂಚಿನ ಸೂಚನೆಯ ನುಡಿಗಳನ್ನೂ ಮಾತ್ರ ಬರೆದು ಸುರುಳಿಯಾಗಿ ಕೊಡುತ್ತಿದ್ದರು. ರಾಬರ್ಟ್ ಗ್ರೀನನ ‘ಒರ್ಲ್ಯಾಂಡೋ ಫ್ಯೂರಿಯೋಸೋ’ ನಾಟಕದಲ್ಲಿ ಎಡ್ವರ್ಡ್ ಆಲಿನ್ ಎಂಬ ನಟ ಬಳಸಿದ ಇಂತಹ ಪ್ರತಿಯೊಂದು ಲಂಡನ್ನಿನ ಡಲ್ವಿಚ್ ಕಾಲೇಜಿನಲ್ಲಿ ಉಳಿದಿದೆ. ಫ್ರೆಂಚಿನಲ್ಲಿ ಆ ಸುರುಳಿಯ ಹೆಸರೇ ಪಾತ್ರದ ಹೆಸರಾಗಿ, 17ನೆಯ ಶತಮಾನದಲ್ಲಿ ಬೇರೊಂದು ಕಾಗುಣಿತ ಹೊತ್ತು ಇಂಗ್ಲಿಷಿಗೆ ಮರಳಿ ಬಂದಿತು. ಹೀಗಾಗಿ ಇಂಗ್ಲಿಷ್ ಓದುಗರಿಗೆ ಇವು ಎರಡು ಶಬ್ದಗಳು. ಕನ್ನಡ ಲಿಪಿಯಲ್ಲಿ ಬರೆದಾಗ ಮಾತ್ರ ‘ರೋಲ್ ನಂಬರ್’ ಮತ್ತು ‘ರೋಲ್ ಮಾಡೆಲ್’ ಎರಡರಲ್ಲಿಯೂ ಕಾಣುವುದು ಒಂದೇ ರೂಪ. ಇಂಗ್ಲಿಷ್ ಕಾಗುಣಿತ ಬೇರ್ಪಡಿಸಿದ ಒಡಹುಟ್ಟುಗಳನ್ನು ನಮ್ಮ ಲಿಪಿ ತಿಳಿಯದೆಯೇ ಒಂದುಗೂಡಿಸಿದೆ. ಸಂಸ್ಕೃತವು ಅದೇ ಪರಿಕಲ್ಪನೆಯನ್ನು ‘ಪಾತ್ರ’ ಎಂದು, ತುಂಬಿಕೊಳ್ಳುವ ಭಾಂಡದ ಹೆಸರಿನಿಂದ ಹೇಳಿತು; ಯಕ್ಷಗಾನದವರು ‘ವೇಷ’ ಎಂದು ಉಡುಗೆಯ ಹೆಸರಿನಿಂದ ಹೇಳಿದರು. ಕಾಗದದ ಹೆಸರಿನಿಂದ ಹೇಳಿದವರು ಯುರೋಪಿನವರು.

ಹಾಗಾದರೆ ಕನ್ನಡದಲ್ಲಿ ಸುರುಳಿಯಿಂದ ಪಟ್ಟಿಯ ಅರ್ಥವೇಕೆ ಹುಟ್ಟಲಿಲ್ಲ? ಉತ್ತರ ಬರವಣಿಗೆಯ ಸಾಮಗ್ರಿಯಲ್ಲಿದೆ. ನಮ್ಮವರು ಬರೆದದ್ದು ತಾಳೆಗರಿಯ ಮೇಲೆ. ಗರಿಯನ್ನು ಸುತ್ತಿದರೆ ಸೀಳುತ್ತದೆ, ಆದ್ದರಿಂದ ಅದನ್ನು ಚಪ್ಪಟೆಯಾಗಿ ಜೋಡಿಸಿ ದಾರ ಪೋಣಿಸಿ ಕಟ್ಟುತ್ತಿದ್ದರು. ‘ಓಲೆ’ ಎಂಬ ಶಬ್ದ ಪತ್ರವೆಂಬ ಅರ್ಥ ಪಡೆದು ಇಂದಿಗೂ ಮದುವೆಯ ಕರೆಯೋಲೆಯಲ್ಲಿ ಉಳಿದಿದೆ. (ಹಸಿಯ ಗರಿಯನ್ನು ಪುಟ್ಟದಾಗಿ ಸುತ್ತಿ ಕಿವಿಯ ತೂತಿಗೆ ತೊಡುವ ರೂಢಿಯಿಂದ ಕಿವಿಯ ಆಭರಣವೂ ‘ಓಲೆ’ಯಾಯಿತು. ಸುತ್ತಿದ ಓಲೆ ನಮ್ಮಲ್ಲಿ ದಾಖಲೆಯಾಗದೆ ಒಡವೆಯಾದದ್ದು ಗಮನಾರ್ಹ.) ಇನ್ನೊಂದು ಸಾಮಗ್ರಿ ‘ಕಡತ’. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲಪುಡಿಯನ್ನು ಬಳಿದು ಕಪ್ಪುಗೊಳಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸದ ಅಭ್ಯಾಸಿಗಳಿಗೆ ಸುಪರಿಚಿತ. ಇಂದು ಸರ್ಕಾರಿ ಕಚೇರಿಗಳಲ್ಲಿ ಕಡತವೆಂದರೆ ಫೈಲು. ಹುಣಿಸೆಬೀಜದ ನೆನಪು ಯಾರಿಗೂ ಇಲ್ಲ. ಇಂಗ್ಲೆಂಡಿನ ದಾಖಲೆ ಸುತ್ತಿದ ಚರ್ಮದಿಂದ ಹೆಸರು ಪಡೆದಂತೆ ನಮ್ಮ ದಾಖಲೆ ಮಡಿಸಿದ ಬಟ್ಟೆಯಿಂದ ಹೆಸರು ಪಡೆಯಿತು.

ನೆರೆಭಾಷೆಗಳನ್ನು ನೋಡಿದರೆ ಇದೇ ನಿಯಮ ಕಾಣುತ್ತದೆ. ಪುಣೆ, ಮುಂಬಯಿಗಳ ಕಚೇರಿಗಳಲ್ಲಿ ಬಳಕೆಯಲ್ಲಿರುವ ಮರಾಠಿಯ ‘ಹಜೇರೀಪಟ’ದಲ್ಲಿ ಇರುವುದು ‘ಪಟ’, ಅಂದರೆ ಬಟ್ಟೆ. ಚೆನ್ನೈಯ ಶಾಲೆಗಳ ಹಾಜರಿ ಪುಸ್ತಕ ತಮಿಳಿನಲ್ಲಿ ‘ವರುಗೈಪ್ ಪದಿವೇಡು’. ಅದರ ಕೊನೆಯಲ್ಲಿರುವ ‘ಏಡು’ ಗರಿಯ ಹಾಳೆ. ಕನ್ನಡದ ‘ಪಟ್ಟಿ’ಯೂ ಬಟ್ಟೆಯ ನೀಳ ತುಂಡನ್ನು ಹೇಳುವ ಶಬ್ದವೇ. ಉತ್ತರ ಕರ್ನಾಟಕದಲ್ಲಿ ಮರಾಠಿಯ ಪ್ರಭಾವದಿಂದ ‘ಯಾದಿ’ ಎಂಬ ಶಬ್ದವೂ ಬಳಕೆಯಲ್ಲಿದ್ದು, ಅದು ನೆನಪು ಎಂಬರ್ಥದ ಪಾರಸಿ ಮೂಲದಿಂದ ಬಂದುದು. ಆಧುನಿಕ ಕಾಲದಿಂದಲೇ ಒಂದು ನಿದರ್ಶನ ಬೇಕೆಂದರೆ ‘ಧ್ವನಿಸುರುಳಿ’ ಇದೆ. ಕ್ಯಾಸೆಟ್ಟಿನ ಒಳಗಿನ ನಾಡಾ ನಿಜವಾಗಿಯೂ ಸುರುಳಿಯಾಗಿತ್ತು. ಅಡಕಮುದ್ರಿಕೆಗಳು ಬಂದ ಮೇಲೂ ಚಲನಚಿತ್ರದವರು ‘ಧ್ವನಿಸುರುಳಿ ಬಿಡುಗಡೆ’ ಸಮಾರಂಭಗಳನ್ನು ನಡೆಸಿದರು. ಸುರುಳಿ ಕಾಣೆಯಾದರೂ ಹೆಸರು ನಿಲ್ಲುವುದು ಇಂಗ್ಲೆಂಡಿನ ನ್ಯಾಯಾಧೀಶರಿಗೆ ಮಾತ್ರ ಮೀಸಲಾದ ಸಂಗತಿಯಲ್ಲ.

ಇನ್ನು ಚಲನೆಯ ಅರ್ಥಗಳಿಗೆ ಬರೋಣ. ಇಲ್ಲಿ ಕನ್ನಡವೇ ಇಂಗ್ಲಿಷಿಗಿಂತ ಸೂಕ್ಷ್ಮ. ‘ಉರುಳು’ ಮತ್ತು ‘ಹೊರಳು’ ಎರಡನ್ನೂ ನಿಘಂಟುಗಳು ಒಂದೇ ಇಂಗ್ಲಿಷ್ ಶಬ್ದದಿಂದ ವಿವರಿಸುವುದುಂಟು. ಆದರೆ ಬಸ್ಸು ಕಣಿವೆಗೆ ಉರುಳುತ್ತದೆ, ಹೊರಳುವುದಿಲ್ಲ. ನಿದ್ದೆ ಬಾರದವನು ಹಾಸಿಗೆಯಲ್ಲಿ ಹೊರಳಾಡುತ್ತಾನೆ, ಉರುಳಾಡುತ್ತಾನೆ ಎಂದರೆ ಮಂಚದಿಂದ ಬೀಳಬಹುದೆಂಬ ಭಯವಾಗುತ್ತದೆ. ಕತ್ತೆ ಬೂದಿಯಲ್ಲಿ ಹೊರಳುತ್ತದೆ, ಗಾಲಿ ಉರುಳುತ್ತದೆ. ನಮ್ಮ ಅಭಿಪ್ರಾಯದಲ್ಲಿ ಭೇದ ಇಷ್ಟು: ತಿರುಗುತ್ತಾ ಇದ್ದ ಜಾಗವನ್ನು ಬಿಟ್ಟು ಮುಂದೆ ಹೋಗುವುದು ಉರುಳುವಿಕೆ, ಇದ್ದಲ್ಲಿಯೇ ಮಗ್ಗುಲು ಬದಲಿಸುವುದು ಹೊರಳುವಿಕೆ. ದೇವಾಲಯದ ಸುತ್ತ ಮೈಯುರುಳಿಸಿ ಪ್ರದಕ್ಷಿಣೆ ಮಾಡುವ ಹರಕೆ ‘ಉರುಳು ಸೇವೆ’ ಎನಿಸಿಕೊಂಡಿರುವುದು ಭಕ್ತನು ಅಲ್ಲಿ ದೂರವನ್ನು ಕ್ರಮಿಸುವುದರಿಂದ. ಮಾತಿನ ದಿಕ್ಕು ಬದಲಾದರೆ ‘ಹೊರಳಿತು’ ಎನ್ನುತ್ತೇವೆ. ಸರ್ಕಾರ ಬಿದ್ದುಹೋದರೆ ‘ಉರುಳಿತು’ ಎನ್ನುತ್ತೇವೆ.

ಈ ಗಡಿರೇಖೆ ದ್ರಾವಿಡ ಭಾಷೆಗಳೆಲ್ಲದರಲ್ಲಿಯೂ ಒಂದೇ ಎಡೆಯಲ್ಲಿ ಹಾದುಹೋಗುವುದಿಲ್ಲ. ಹಳಗನ್ನಡದ ‘ಪೊರಳ್’, ತಮಿಳಿನ ‘ಪುರಳ್’, ತೆಲುಗಿನ ‘ಪೊರ್ಲು’ ಜ್ಞಾತಿಪದಗಳು. ಆದರೆ ನಮ್ಮ ಉರುಳು ಸೇವೆಯನ್ನು ತೆಲುಗರು ‘ಪೊರ್ಲು ದಂಡಾಲು’ ಎನ್ನುತ್ತಾರೆ. ಅಂದರೆ ನಮ್ಮ ‘ಹೊರಳು’ವಿನ ಸೋದರ ಶಬ್ದ ಅಲ್ಲಿ ‘ಉರುಳು’ವಿನ ಕೆಲಸವನ್ನು ಮಾಡುತ್ತಿದೆ. ಹೈದರಾಬಾದಿನಲ್ಲಿರುವ ನಮ್ಮ ಸಂಶೋಧಕ ಮಿತ್ರರು ಜ್ಞಾತಿಪದವನ್ನೇ ಸಮಾನಾರ್ಥಕವೆಂದು ಭಾವಿಸಿ ಭಾಷಾಂತರಿಸುವಲ್ಲಿ ಎಚ್ಚರ ವಹಿಸಬೇಕಾದ ಎಡೆ ಇದು. ತಮಿಳಿನಲ್ಲಿ ‘ಉರುಳ್’ ಧಾತುವಿನಿಂದ ಉಂಡೆಗೆ ‘ಉರುಂಡೈ’ ಎಂಬ ಹೆಸರೂ, ಆಲೂಗಡ್ಡೆಗೆ ‘ಉರುಳೈಕ್ಕಿೞಂಗು’ ಎಂಬ ಹೆಸರೂ ಬಂದಿವೆ. ಕೋಲಾರದ ಕಡೆಯ ‘ಉರುಳಗಡ್ಡೆ’ ಇದೇ ಬಳಗದ್ದು. ಕೊರಳಿಗೆ ಬೀಳುವ ‘ಉರುಳು’ ಮಾತ್ರ ಬೇರೆಯೇ ಶಬ್ದ; ‘ಉರುಲು’ ಎಂಬ ಅದರ ಇನ್ನೊಂದು ರೂಪವನ್ನು ನೆನಪಿನಲ್ಲಿಟ್ಟುಕೊಂಡರೆ ಗೊಂದಲವಾಗದು.

ಅಡುಗೆಮನೆಯಲ್ಲಿ ಮತ್ತೊಂದು ಸ್ವಾರಸ್ಯ. ಇಂಗ್ಲಿಷಿನಲ್ಲಿ ಚಪಾತಿಯ ಹಿಟ್ಟನ್ನು ‘ರೋಲ್’ ಮಾಡುತ್ತಾರೆ, ಏಕೆಂದರೆ ಕೈಯಲ್ಲಿರುವ ಉಪಕರಣ ಉರುಳುತ್ತದೆ. ಕನ್ನಡದವರು ಲಟ್ಟಣಿಗೆಯಿಂದ ಲಟ್ಟಿಸುತ್ತಾರೆ. ಮರಾಠಿಯ ‘ಲಾಟಣೇ’ಯೊಡನೆ ಇದರ ಸಂಬಂಧ ಎದ್ದು ಕಾಣುತ್ತದೆ. ತಮಿಳರು ‘ತೇಯ್’ ಎಂದು ಉಜ್ಜುತ್ತಾರೆ, ತೆಲುಗರು ‘ಒತ್ತು’ತ್ತಾರೆ. ಕೆಲಸ ಒಂದೇ, ಒಬ್ಬರ ಕಣ್ಣು ಉಪಕರಣದ ಮೇಲೆ, ಇನ್ನೊಬ್ಬರದು ಕೈಯ ಮೇಲೆ. ಜೋಳದ ರೊಟ್ಟಿಯನ್ನಂತೂ ಉತ್ತರ ಕರ್ನಾಟಕದಲ್ಲಿ ಬಡಿಯುತ್ತಾರೆ, ತೆಂಕಣವರು ತಟ್ಟುತ್ತಾರೆ. ಅಲ್ಲಿ ಉರುಳುವ ವಸ್ತುವೇ ಇಲ್ಲ. ‘ರೊಟ್ಟಿ’ಗೂ ‘ರೋಟ’ಕ್ಕೂ ಸಂಬಂಧ ಕಲ್ಪಿಸುವ ಆಸೆ ಕೆಲವರಿಗೆ ಹುಟ್ಟೀತು, ಅದಕ್ಕೆ ಆಧಾರವಿಲ್ಲ. ಕರಾವಳಿಯ ಬೀಡಿ ಕಾರ್ಮಿಕರ ಕೆಲಸವನ್ನು ಇಂಗ್ಲಿಷಿನ ವರದಿಗಳು ‘ರೋಲಿಂಗ್’ ಎನ್ನುತ್ತವೆ. ಕನ್ನಡದಲ್ಲಿ ಅದು ಬೀಡಿ ಕಟ್ಟುವುದು, ಏಕೆಂದರೆ ಎಲೆಯನ್ನು ಸುತ್ತಿದರೆ ಸಾಲದು, ಕೊನೆಗೆ ನೂಲು ಬಿಗಿಯಬೇಕು. ಆ ವರದಿಗಳನ್ನು ಕನ್ನಡಕ್ಕೆ ತರುವವರು ‘ಬೀಡಿ ಸುರುಳಿಸುವವರು’ ಎಂದು ಬರೆದರೆ ಅದನ್ನು ಕಟ್ಟುವವರಿಗೇ ಅರ್ಥವಾಗದು.

ಚಲನೆಯ ಅರ್ಥವನ್ನೂ ಪಟ್ಟಿಯ ಅರ್ಥವನ್ನೂ ಬೇರ್ಪಡಿಸದಿದ್ದರೆ ಭಾಷಾಂತರದಲ್ಲಿ ಆಗುವ ಹಾನಿಗೆ ಆಡಳಿತ ಪರಿಭಾಷೆಯೇ ಸಾಕ್ಷಿಯಾಗಬಲ್ಲದು. 1978ರಲ್ಲಿ ಜನತಾ ಸರ್ಕಾರ ಪಂಚವಾರ್ಷಿಕ ಯೋಜನೆಗೆ ಬದಲಾಗಿ ತಂದು, 1980ರಲ್ಲಿ ಕೈಬಿಡಲಾದ ‘ರೋಲಿಂಗ್ ಪ್ಲಾನ್’ ಅನ್ನೇ ತೆಗೆದುಕೊಳ್ಳೋಣ. ಪ್ರತಿವರ್ಷ ಮುಗಿದ ವರ್ಷವನ್ನು ಬಿಟ್ಟು ಮುಂದಿನ ಒಂದು ವರ್ಷವನ್ನು ಸೇರಿಸಿಕೊಳ್ಳುತ್ತಾ ಹೋಗುವ ವ್ಯವಸ್ಥೆ ಅದು. ಅದನ್ನು ‘ಉರುಳುವ ಯೋಜನೆ’ ಎಂದರೆ ಕನ್ನಡದ ಕಿವಿಗೆ ಬಿದ್ದುಹೋಗುವ ಯೋಜನೆ ಎಂದೇ ಕೇಳಿಸುತ್ತದೆ. ಆ ಯೋಜನೆಯ ಗತಿಯೂ ಹಾಗೆಯೇ ಆಯಿತೆಂಬುದು ಬೇರೆ ಮಾತು. ಕಾಲೇಜುಗಳ ಚರ್ಚಾಸ್ಪರ್ಧೆಯವರು ಇವರಿಗಿಂತ ಜಾಣರು. ವರ್ಷಕ್ಕೊಬ್ಬರ ಕೈಗೆ ಸಾಗುವ ‘ರೋಲಿಂಗ್ ಶೀಲ್ಡ್’ಗೆ ಅವರು ‘ಪರ್ಯಾಯ ಪಾರಿತೋಷಕ’ ಎಂದರು. ಉರುಳುವಿಕೆಯನ್ನು ಬಿಟ್ಟು ಸರದಿಯನ್ನು ಹಿಡಿದದ್ದರಿಂದ ಅನುವಾದ ಗೆದ್ದಿತು.

‘ಮಸ್ಟರ್ ರೋಲ್’ ಎಂಬ ಶಬ್ದದ ಹಿಂದೆ ಇದಕ್ಕಿಂತ ಗುರುತರವಾದ ಸಂಗತಿಯಿದೆ. ಮೊದಲು ಸೈನಿಕರ ಎಣಿಕೆಯ ಪಟ್ಟಿಯಾಗಿದ್ದ ಇದು ನಮ್ಮಲ್ಲಿ ಬರಗಾಲದ ಕಾಮಗಾರಿಗಳ, ಲೋಕೋಪಯೋಗಿ ಕೆಲಸಗಳ ಕೂಲಿಕಾರರ ಹಾಜರಿ ಪಟ್ಟಿಯಾಯಿತು. 1990ರ ದಶಕದಲ್ಲಿ ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಈ ಪಟ್ಟಿಗಳ ಪ್ರತಿಯನ್ನು ಕೊಡಿರೆಂದು ಹೋರಾಡಿ, ಅವನ್ನು ಊರಿನ ಜನರ ಎದುರು ಓದಿಸಿದರು. ಕೆಲಸವನ್ನೇ ಮಾಡದವರ ಹೆಸರಿನಲ್ಲಿ ಕೂಲಿ ಎತ್ತಿದ್ದು ಹೊರಬಿದ್ದಿತು. 2005ರ ಮಾಹಿತಿ ಹಕ್ಕು ಕಾಯ್ದೆಯ ಹಿನ್ನೆಲೆಯಲ್ಲಿ ಈ ಹೋರಾಟಕ್ಕೆ ಪ್ರಮುಖ ಸ್ಥಾನವಿದೆ. ಬರೆದ ಪಟ್ಟಿಯನ್ನು ಇರುವ ಜನರೊಡನೆ ತಾಳೆ ನೋಡಿದ ಆ ಕೂಲಿಕಾರರು ಮಾಡಿದ್ದು, ‘ಕಂಟ್ರೋಲ್’ ಶಬ್ದದ ಮೂಲಾರ್ಥದಲ್ಲಿ ಅಡಗಿರುವ ಕೆಲಸವನ್ನೇ. 2005ರಲ್ಲಿಯೇ ಬಂದ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯ ಕಾಮಗಾರಿಗಳ ಕಾಲದಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ‘ಎನ್‌ಎಂಆರ್’ ಎಂಬ ಅಕ್ಷರಗಳೇ ಮನೆಮಾತಾದವು. ಅದರ ಕೊನೆಯ ಅಕ್ಷರ ನಮ್ಮ ‘ರೋಲ್’. ಹೆಸರು ಎನ್‌ಎಂಆರ್‌ನಲ್ಲಿ ಬಂದರೆ ಕೂಲಿ, ಇಲ್ಲದಿದ್ದರೆ ಇಲ್ಲ ಎಂಬುದನ್ನು ಅಕ್ಷರ ಬಾರದವರೂ ಬಲ್ಲರು. ಕ್ಷೇತ್ರಕಾರ್ಯದಲ್ಲಿ ಈ ಶಬ್ದವನ್ನು ಕೇಳಿದವರು ಅದನ್ನು ‘ಹಾಜರಿ ಪಟ್ಟಿ’ ಎಂದು ತಿದ್ದಿ ದಾಖಲಿಸುವುದು ಸರಿಯಲ್ಲವೆಂದು ನಾವು ಭಾವಿಸುತ್ತೇವೆ. ಜನ ಆಡಿದ ರೂಪವೇ ಆಕರ.

ಹೀಗೆ ಕನ್ನಡದೊಳಗೆ ಬಂದು ಬೇರೆ ಬಣ್ಣ ತಳೆದ ಮತ್ತೊಂದು ಶಬ್ದ ‘ರೋಲ್ಡ್ ಗೋಲ್ಡ್’. ಅಗ್ಗದ ಲೋಹದ ಮೇಲೆ ಚಿನ್ನದ ತೆಳುತಗಡನ್ನು ಶಾಖ ಮತ್ತು ಒತ್ತಡದಿಂದ ಬೆಸೆದು, ಉರುಳೆಗಳ ನಡುವೆ ಹಾಯಿಸಿ ತೆಳ್ಳಗೆ ಮಾಡುವ ವಿಧಾನದ ಹೆಸರು ಅದು. ನಮ್ಮ ಪೇಟೆಗಳಲ್ಲಿ ಆ ವಿಧಾನದಿಂದ ಮಾಡದ ಗಿಲೀಟಿನ ಒಡವೆಗೂ ಅದೇ ಹೆಸರು. ವಿಧಾನದ ಹೆಸರು ಹೋಗಿ ನಕಲಿ ಎಂಬ ಅರ್ಥ ಗಟ್ಟಿಯಾಗಿದೆ.

ಮೊದಲು ಎತ್ತಿದ ‘ರೋಲ್‌ಕಾಲ್’ಗೆ ಮರಳೋಣ. ಹಾಜರಿಯ ಅರ್ಥದಿಂದ ವಸೂಲಿಯ ಅರ್ಥಕ್ಕೆ ಅದು ಹೇಗೆ ದಾಟಿತು? ಪಟ್ಟಿಯಲ್ಲಿನ ಹೆಸರುಗಳನ್ನು ಒಂದೊಂದಾಗಿ ಕೂಗುವಂತೆ ಬೀದಿಯ ಅಂಗಡಿಗಳನ್ನು ಒಂದೊಂದಾಗಿ ಹತ್ತಿ, ಯಾರನ್ನೂ ಬಿಡದೆ, ಗೊತ್ತಾದ ಹೊತ್ತಿಗೆ ಹಣ ಕೇಳುವುದರಿಂದ ಈ ರೂಪಕ ಹುಟ್ಟಿರಬೇಕೆಂದು ನಮ್ಮ ಊಹೆ. ಈ ಊಹೆಗೆ ನೆರೆಯ ಭಾಷೆಗಳ ಬೆಂಬಲವಿದೆ. ಇದೇ ಹಣಕ್ಕೆ ಮುಂಬಯಿಯಲ್ಲಿ ‘ಹಫ್ತಾ’ ಎನ್ನುತ್ತಾರೆ. ಅದರ ಮೂಲಾರ್ಥ ವಾರ. ಚೆನ್ನೈಯಲ್ಲಿ ‘ಮಾಮೂಲ್’ ಎನ್ನುತ್ತಾರೆ. ಅದರ ಮೂಲಾರ್ಥ ರೂಢಿಯಂತೆ ನಡೆದುಬಂದದ್ದು. ಒಂದು ವಾರ, ಒಂದು ರೂಢಿ, ಒಂದು ಹಾಜರಿ: ಮೂರೂ ನಿರುಪದ್ರವಿ ಶಬ್ದಗಳು, ಮೂರರಲ್ಲಿಯೂ ಇರುವುದು ತಪ್ಪದೆ ಮರಳಿ ಬರುವ ಗುಣ. ಮುಂಬಯಿ ಕನ್ನಡಿಗರ ಮಾತಿನಲ್ಲಿ ‘ಹಫ್ತಾ’ ಇರುವೆಡೆಯಲ್ಲಿ ಬೆಂಗಳೂರಿನ ಕನ್ನಡದಲ್ಲಿ ‘ರೋಲ್‌ಕಾಲ್’ ಇದೆ ಎಂಬುದು ಉಪಭಾಷಾ ಅಧ್ಯಯನಕ್ಕೂ ಬೇಕಾದ ಮಾಹಿತಿ.

ಇಂತಹ ಶಬ್ದಗಳನ್ನು ಇಂಗ್ಲಿಷ್–ಕನ್ನಡ ನಿಘಂಟಿನಲ್ಲಿ ಹುಡುಕುವುದು ವ್ಯರ್ಥ. ‘ರೋಲ್‌ಕಾಲ್’, ‘ಎನ್‌ಎಂಆರ್’, ‘ಕಂಟ್ರೋಲ್ ಅಕ್ಕಿ’, ‘ರೋಲ್ಡ್ ಗೋಲ್ಡ್’ ಇವು ಕನ್ನಡ–ಕನ್ನಡ ನಿಘಂಟಿನಲ್ಲಿ, ಪ್ರಯೋಗದ ಪ್ರದೇಶ ಮತ್ತು ಕಾಲದ ಸೂಚನೆಯೊಡನೆ, ಮುಖ್ಯೋಲ್ಲೇಖಗಳಾಗಿ ಬರಬೇಕು. ‘ರೋಲ್’ ಎಂಬ ಮುಖ್ಯೋಲ್ಲೇಖದ ಕೆಳಗೆ ಪಟ್ಟಿ, ಪಾತ್ರ, ತಿನಿಸು ಎಂಬ ಮೂರು ಅರ್ಥಗಳನ್ನು ಕೊಟ್ಟರೆ ಸಾಕು. ಉರುಳುವ ಅರ್ಥ ಅಲ್ಲಿ ಬೇಕಿಲ್ಲ, ಏಕೆಂದರೆ ಆ ಕೆಲಸಕ್ಕೆ ಕನ್ನಡಿಗರು ಈ ಶಬ್ದವನ್ನು ಎರವಲು ತರಲೇ ಇಲ್ಲ.